ಮುತ್ತು ಕಟ್ಟಿಸಿಕೊಂಡವಳ ಮುಪ್ಪು



ಈ ಉಪನ್ಯಾಸ ಮಕ್ಕಳು ತಮ್ಮ ತಾಯಿಯ ಹೆಸರಿನಲ್ಲಿ ಇಟ್ಟ ದತ್ತಿಯದು. ಹೀಗಾಗಿ ಇವತ್ತು ನಮ್ಮ ಸೀಮೆಯ ಒಬ್ಬ ಮುದುಕಿಯ ಬಾಳು ಮತ್ತು ಸಾವಿನ ಬಗ್ಗೆ ಮಾತಾಡುತ್ತೇನೆ ಎಂದು ಸಂಘಟಕರಿಗೆ ಹೇಳಿದೆ. ‘ಯಾವ ಮುದುಕಿ? ಸ್ವಾತಂತ್ರ್ಯ ಹೋರಾಟಗಾರ್ತಿಯೋ, ಶಿಕ್ಷಕಿಯೋ?’ ಎಂದು ಕೇಳಿದರು. ಯಲ್ಲಮ್ಮನಿಗೆ ಬಿಟ್ಟವಳು ಅಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತು ನಿಂತಿತು. ಆಮೇಲೆ ‘ಆಗಲಿ ಸರ್, ಇದು ನಮ್ಮ ಊರಿನ ಮಾತೇ ಅಲ್ಲವೆ’ ಎಂದರು. ಅವರ ಧೈರ್ಯಕ್ಕೆ ಮೊದಲು ಶರಣು.

ಹೌದು, ಇದು ಈ ಕೊಕಟನೂರಿನ ಮಾತು. ದೇವದಾಸಿ ಪದ್ಧತಿಯ ಮೇಲೆ ಬಂದ ವರದಿ, ಪುಸ್ತಕಗಳನ್ನು ತೆಗೆದರೆ ಸವದತ್ತಿಯ ಹೆಸರಿನ ಬೆನ್ನಿಗೆ ಕೊಕಟನೂರ ಯಲ್ಲಮ್ಮನ ಹೆಸರೂ ಬರುತ್ತದೆ. ಗಡಿಯಾಚೆಯ ಸಾಂಗಲಿ, ಮಿರಜ, ಜತ್ತ ಕಡೆಯಿಂದಲೂ ಜನ ‘ಉಧೋ ಉಧೋ’ ಎನ್ನುತ್ತ ಭಂಡಾರ ಹಚ್ಚಿಕೊಂಡು ಇಲ್ಲಿಗೆ ಬರುತ್ತಾರೆ. ದೇವಿಯ ಭಕ್ತಿಗೆ ನನ್ನ ಆಕ್ಷೇಪವಿಲ್ಲ. ಇವತ್ತು ನನ್ನ ಮಾತು ದೇವಿಯ ಬಗ್ಗೆ ಅಲ್ಲವೇ ಅಲ್ಲ.

ನಾನು ಹೇಳುವ ಮುದುಕಿ, ನಮ್ಮ ಕಡೆಯ ಮಾತಿನಲ್ಲಿ ಆಯಿ, ಒಬ್ಬಳಲ್ಲ. ಅಥಣಿ, ರಾಯಬಾಗ, ಚಿಕ್ಕೋಡಿ ಸೀಮೆಯ ಹಲವು ಆಯಿಗಳ ಬಾಳಿನಲ್ಲಿ ಮತ್ತೆ ಮತ್ತೆ ಕಂಡದ್ದನ್ನು ಒಂದೇ ಬಾಳಿನಂತೆ ಜೋಡಿಸಿ ಹೇಳುತ್ತಿದ್ದೇನೆ. ಅವರ ಮೊಮ್ಮಕ್ಕಳು ಈಗ ಕಾಲೇಜಿನಲ್ಲಿದ್ದಾರೆ, ನೌಕರಿಯಲ್ಲಿದ್ದಾರೆ. ಅಜ್ಜಿಯ ಹೆಸರನ್ನು ಮೈಕಿನಲ್ಲಿ ಕೂಗಿ, ಶಾಲು ಹೊದ್ದುಕೊಂಡು, ಹಾರ ಹಾಕಿಸಿಕೊಂಡು ನಾನು ಊರಿಗೆ ಹೋಗಿಬಿಡುತ್ತೇನೆ. ಅದರ ಮಾರನೆಯ ದಿನವನ್ನು ಕಾಣಬೇಕಾದವರು ಅವರು.

ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಹುಟ್ಟಿದವಳು ಎಂದಿಟ್ಟುಕೊಳ್ಳಿ. ಎಂಟು ವರ್ಷದವಳಿದ್ದಾಗ ಮುತ್ತು ಕಟ್ಟಿ ದೇವಿಗೆ ಬಿಟ್ಟರು. ಅಂದರೆ 1955ರ ಸುಮಾರು. ಆಗ ಅಥಣಿ ಮುಂಬೈ ರಾಜ್ಯದಲ್ಲಿತ್ತು. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಮುಂಬೈ ಪ್ರಾಂತದಲ್ಲಿ 1934ರಲ್ಲೇ ದೇವದಾಸಿ ಸಂರಕ್ಷಣಾ ಕಾಯ್ದೆ ಆಗಿತ್ತು. ಹುಡುಗಿಯನ್ನು ದೇವರಿಗೆ ಬಿಡುವುದು ಕಾನೂನಿಗೆ ವಿರುದ್ಧ, ಬಿಟ್ಟವಳು ಮದುವೆಯಾದರೆ ಆ ಮದುವೆ ಸಿಂಧು, ಆ ಮದುವೆಯಿಂದ ಹುಟ್ಟಿದ ಮಕ್ಕಳು ನ್ಯಾಯಸಮ್ಮತ ಎಂದು ಅದರಲ್ಲಿ ಬರೆದಿತ್ತು. ನಮ್ಮಲ್ಲಿ ಬಹಳ ಜನ 1982ರ ಕಾಯ್ದೆಯಿಂದಲೇ ಎಲ್ಲ ಶುರುವಾಯಿತು ಎಂದುಕೊಂಡಿದ್ದಾರೆ. ಈ ಆಯಿಯ ಕೊರಳಿಗೆ ಕೆಂಪು ಬಿಳಿ ಮಣಿಯ ಸರ ಬಿದ್ದಾಗ ಅದು ನಿಷಿದ್ಧವಾಗಿ ಎರಡು ದಶಕ ಕಳೆದಿದ್ದವು. ಕಾನೂನು ಮುಂಬೈಯಲ್ಲಿತ್ತು, ಜಾತ್ರೆ ಇಲ್ಲಿತ್ತು.

ಯಾಕೆ ಬಿಟ್ಟರು? ಜಡೆ ಬಿತ್ತು, ಮೈಮೇಲೆ ಕಜ್ಜಿ ಎದ್ದಿತು, ಹರಕೆ ಇತ್ತು, ಎಲ್ಲ ಕಾರಣಗಳನ್ನೂ ನೀವು ಕೇಳಿದ್ದೀರಿ. ದಲಿತ ಕೇರಿಯ ಬಡತನ, ಮೇಲಿನವರ ಕಣ್ಣು, ಅವೂ ಗೊತ್ತಿದ್ದದ್ದೇ. ನಾನು ಒತ್ತಿ ಹೇಳಬೇಕೆಂದಿರುವ ಕಾರಣ ಇನ್ನೊಂದು: ಮನೆಯಲ್ಲಿ ಗಂಡುಮಗ ಇರಲಿಲ್ಲ. ಉಳಿದ ಹೆಣ್ಣುಮಕ್ಕಳು ಮದುವೆಯಾಗಿ ಹೋಗುವವರು. ತಾಯ್ತಂದೆ ಹಾಸಿಗೆ ಹಿಡಿದಾಗ ಗಂಜಿ ಕಾಸುವವರು, ಸತ್ತಾಗ ಮಣ್ಣು ಕೊಡುವವರು ಒಬ್ಬರು ಮನೆಯಲ್ಲಿ ಉಳಿಯಬೇಕಲ್ಲ. ದೇವಿಗೆ ಬಿಟ್ಟ ಮಗಳು ಗಂಡನ ಮನೆಗೆ ಹೋಗುವುದಿಲ್ಲ, ಅವಳು ಮನೆಯ ಮಗನಾಗಿ ಉಳಿಯುತ್ತಾಳೆ. ಗುಡಿಸಲಿಗೋ ಅರ್ಧ ಎಕರೆಗೋ ಅವಳೇ ವಾರಸುದಾರಳು, ಅವಳ ಮಕ್ಕಳಿಂದ ತಾಯ್ತಂದೆಯ ವಂಶ ಮುಂದುವರಿಯುತ್ತದೆ. ಲುಸಿಂಡಾ ರಾಂಬರ್ಗ್ ಎಂಬ ಮಾನವಶಾಸ್ತ್ರಜ್ಞೆ ಉತ್ತರ ಕರ್ನಾಟಕದಲ್ಲಿ ಯಲ್ಲಮ್ಮನಿಗೆ ಬಿಟ್ಟ ಜೋಗತಿಯರ ನಡುವೆ ಇದ್ದು 2014ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಚಿಕ್ಕೋಡಿ ಸೀಮೆಯ ಕಬ್ಬೂರಿನ ಸೀತವ್ವ ಜೋಡಟ್ಟಿಯವರ ಕತೆ ನಿಮಗೆ ಗೊತ್ತು. 2018ರಲ್ಲಿ ಪದ್ಮಶ್ರೀ ಪಡೆದವರು. ಗಂಡುಮಕ್ಕಳಿಲ್ಲದ ಮನೆ, ಏಳನೆಯ ವಯಸ್ಸಿಗೆ ಮುತ್ತು.

ಕ್ರೂರ ಲೆಕ್ಕವಿದು, ಆದರೆ ಲೆಕ್ಕವೇನೋ ಹೌದು. ತಾಯ್ತಂದೆಯ ಮುಪ್ಪಿಗೆಂದು ಒಂದು ಮಗುವನ್ನು ಇಟ್ಟುಕೊಂಡರು. ಆ ಮಗುವಿನ ಮುಪ್ಪಿಗೆ ಯಾರು ಎಂಬ ಪ್ರಶ್ನೆಯನ್ನು ತಾಯ್ತಂದೆ ಕೇಳಲಿಲ್ಲ, ಊರು ಕೇಳಲಿಲ್ಲ. ಆಮೇಲೆ ಬಂದ ಕಾನೂನೂ ಅದನ್ನು ಕೇಳಿದ್ದು ಬಹಳ ತಡವಾಗಿ, ಅರ್ಧ ಮನಸ್ಸಿನಿಂದ. ಈ ಉಪನ್ಯಾಸದಲ್ಲಿ ನಾನು ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ನಡುವಿನ ವರ್ಷಗಳನ್ನು ಬೇಗ ದಾಟುತ್ತೇನೆ. ಆ ವರ್ಷಗಳ ಮೇಲೆಯೇ ಎಲ್ಲರ ಕಣ್ಣು, ಸಿನಿಮಾದವರದ್ದೂ. ಮೈನೆರೆದ ಮೇಲೆ ಊರಿನ ಒಬ್ಬ ಉಳ್ಳವನು ಇಟ್ಟುಕೊಂಡ. ಎರಡೋ ಮೂರೋ ಮಕ್ಕಳಾದವು. ಮಂಗಳವಾರ, ಶುಕ್ರವಾರ ಪಡ್ಡಲಿಗೆ ಬುಟ್ಟಿ ಹಿಡಿದು ಐದು ಮನೆ ಜೋಗ ಬೇಡಿದಳು. ಉಳಿದ ದಿನ ಹೊಲದ ಕೂಲಿ, ಕಬ್ಬಿನ ಗದ್ದೆ. 1972ರ ಬರದಲ್ಲಿ ಕೇರಿಯ ಎಷ್ಟೋ ಮಂದಿ ಊರು ಬಿಟ್ಟರು, ಕೆಲವರು ನಿಪ್ಪಾಣಿಯ ತಂಬಾಕಿನ ವಖಾರಿಗೆ, ಕೆಲವರು ಮಿರಜದಲ್ಲಿ ರೈಲು ಹತ್ತಿ ಮುಂಬೈಗೆ. ಮುಂಬೈಗೆ ಹೋದವರಲ್ಲಿ ಹಲವರು ಯಾವ ಓಣಿ ಸೇರಿದರೆಂದು ಇಲ್ಲಿ ಕೂತವರಿಗೆ ಬಿಡಿಸಿ ಹೇಳಬೇಕಿಲ್ಲ. ಸಾಂಗಲಿಯ ಗೋಕುಲನಗರದ ಅಂಥದೇ ಓಣಿಯಲ್ಲಿ ಇಂದಿಗೂ ಕನ್ನಡ ಮಾತಾಡುವ ಮನೆಗಳಿವೆ.

ನಮ್ಮ ಆಯಿ ಹೋಗಲಿಲ್ಲ, ತಂದೆ ಹಾಸಿಗೆ ಹಿಡಿದಿದ್ದ. ಅವನು ತೀರಿಕೊಂಡಾಗ ಮಗನ ಜಾಗದಲ್ಲಿ ನಿಂತು ಮಣ್ಣು ಕೊಟ್ಟಳು. ಆಮೇಲೆ ತಾಯಿಯನ್ನೂ ಕಳಿಸಿದಳು. ಅವಳನ್ನು ಯಾವುದಕ್ಕೆಂದು ಇಟ್ಟುಕೊಂಡಿದ್ದರೋ ಆ ಕೆಲಸ ಅಲ್ಲಿಗೆ ಮುಗಿಯಿತು. ಅವಳಿಗಿನ್ನೂ ನಲವತ್ತಾಗಿರಲಿಲ್ಲ.

ಈಗ ಯಲ್ಲಮ್ಮನ ವರ್ಷಚಕ್ರದ ಒಂದು ಸಂಗತಿ ಹೇಳಬೇಕು. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಗೆ ನಮ್ಮ ಜನ ರಂಡಿ ಹುಣ್ಣಿಮೆ ಅನ್ನುತ್ತಾರೆ. ಗಂಡ ಜಮದಗ್ನಿ ಸತ್ತ, ಯಲ್ಲಮ್ಮ ವಿಧವೆಯಾದಳು. ಅಂದು ಜೋಗತಿಯರು ಬಳೆ ಒಡೆದುಕೊಳ್ಳುತ್ತಾರೆ. ಮಾಘದ ಭಾರತ ಹುಣ್ಣಿಮೆಗೆ ದೇವಿ ಮತ್ತೆ ಮುತ್ತೈದೆ, ಇವರ ಕೈಗೂ ಮತ್ತೆ ಹಸಿರು ಬಳೆ. ವರ್ಷಕ್ಕೊಮ್ಮೆ ವಿಧವೆ, ವರ್ಷಕ್ಕೊಮ್ಮೆ ಮುತ್ತೈದೆ. ದೇವರಿಗೆ ಸಾವಿಲ್ಲವಾದ್ದರಿಂದ ದೇವರಿಗೆ ಬಿಟ್ಟವಳು ಕೊನೆಯವರೆಗೂ ಮುತ್ತೈದೆಯೇ. ಮದುವೆಮನೆಯ ಶುಭಕಾರ್ಯಕ್ಕೆ ಅವಳನ್ನು ಕರೆಯುತ್ತಿದ್ದದ್ದು ಅದಕ್ಕೇ.

ಸರಿ. ಈಗ ಆ ಉಳ್ಳವನು ಸತ್ತ. ಮೂವತ್ತು ವರ್ಷ ಅವಳ ಮನೆಗೆ ಬಂದುಹೋದವನು, ಅವಳ ಮಕ್ಕಳ ಹುಟ್ಟಿಗೆ ಕಾರಣನಾದವನು. ಮಣ್ಣಿಗೆ ಊರೆಲ್ಲ ಹೋಯಿತು. ಅವಳು ಹೋದರೆ ಎಲ್ಲಿ ನಿಲ್ಲಬೇಕು? ಹೆಂಡತಿ ಅತ್ತಳು, ಬಳೆ ತೆಗೆಸಿದರು, ಆಮೇಲೆ ಆಸ್ತಿಗೆ ಅವಳ ಹೆಸರು ಕೂಡಿತು. ಇವಳ ಬಳೆ ಕೈಯಲ್ಲೇ ಉಳಿದವು. ಅಳುವುದಕ್ಕೂ ಹಕ್ಕು ಬೇಕಾಗುತ್ತದೆ ಎಂದು ತಿಳಿಯಬೇಕಾದರೆ ಇಂಥ ಮನೆಯ ಕಟ್ಟೆಯ ಮೇಲೆ ಅಂಥ ದಿನ ಕೂರಬೇಕು.

ಸರಕಾರದ ಅರ್ಜಿಗಳೂ ಈ ಮುತ್ತೈದೆತನವನ್ನು ಚೆನ್ನಾಗಿ ನಂಬಿವೆ! ವಿಧವಾ ವೇತನ ಕೇಳಬೇಕಾದರೆ ಗಂಡನ ಮರಣಪತ್ರ ಬೇಕು. ಇವಳಿಗೆ ಗಂಡನೇ ಇಲ್ಲ. 2013ರಲ್ಲಿ ಬಂದ ಮನಸ್ವಿನಿ ಯೋಜನೆ ಮದುವೆಯಾಗದವರಿಗೆ ಮತ್ತು ವಿಚ್ಛೇದಿತರಿಗೆ, ಅದೂ ನಲವತ್ತರಿಂದ ಅರವತ್ತನಾಲ್ಕರವರೆಗೆ. ಆ ಹೊತ್ತಿಗೆ ನಮ್ಮ ಆಯಿಗೆ ವಯಸ್ಸು ಮೀರಿತ್ತು. ಇನ್ನು ಇವಳಂಥವರಿಗೆಂದೇ ಇರುವುದು ಮಾಜಿ ದೇವದಾಸಿಯರ ಮಾಸಾಶನ. ನಮ್ಮ ಕಡೆ ಅದನ್ನು ಪಗಾರ ಅನ್ನುತ್ತಾರೆ. ತಿಂಗಳಿಗೆ 1,500 ರೂಪಾಯಿ ಇದ್ದದ್ದನ್ನು 2025–26ರ ಬಜೆಟ್ಟಿನಲ್ಲಿ 2,000 ಮಾಡಿದ್ದಾರೆ. ಗ್ಯಾಸಿನ ಸಿಲಿಂಡರು ತುಂಬಿಸಿ, ರಕ್ತದೊತ್ತಡದ ಗುಳಿಗೆ ತಂದು, ಮಿರಜದ ದವಾಖಾನೆಗೆ ಒಮ್ಮೆ ಹೋಗಿಬಂದರೆ ಎಷ್ಟು ಉಳಿದೀತೆಂದು ನೀವೇ ಲೆಕ್ಕ ಹಾಕಿ.

ಆ ಪಗಾರಕ್ಕೂ ಪಟ್ಟಿಯಲ್ಲಿ ಹೆಸರಿರಬೇಕು. ಸರಕಾರ ಮೊದಲ ಸಮೀಕ್ಷೆ ಮಾಡಿದ್ದು 1993–94ರಲ್ಲಿ. 22,873 ಹೆಣ್ಣುಮಕ್ಕಳು ಸಿಕ್ಕರು. 2007–08ರಲ್ಲಿ ಮತ್ತೆ ಮಾಡಿದಾಗ ಇನ್ನೂ 23,787 ಹೆಸರು ಸೇರಿ ಒಟ್ಟು 46,660 ಆಯಿತು. ಎರಡನೆಯ ಸಲ ಅಷ್ಟೊಂದು ಹೆಸರು ಎಲ್ಲಿಂದ ಬಂದವು? ಅವರಲ್ಲಿ ಎಷ್ಟೋ ಜನ ಮೊದಲ ಸಲವೂ ಇದ್ದವರೇ, ಹೇಳಿಕೊಂಡಿರಲಿಲ್ಲ. ಯಾಕೆ ಎಂದರೆ 1982ರ ಕಾಯ್ದೆಯನ್ನು ಓದಬೇಕು. ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕು 1984ರ ಒಂದನೆಯ ಕಾಯ್ದೆಯಾಗಿ ಬಂದ ಅದರಲ್ಲಿ, ಮುತ್ತು ಕಟ್ಟುವ ಕಾರ್ಯ ನಡೆಸಿದ, ಅದಕ್ಕೆ ಕುಮ್ಮಕ್ಕು ಕೊಟ್ಟ ಬೇರೆಯವರಿಗೆ ಹೆಚ್ಚೆಂದರೆ ಮೂರು ವರ್ಷ ಜೈಲು. ತಾಯಿ, ತಂದೆ, ಪಾಲಕರು, ಸಂಬಂಧಿಕರಿಗಾದರೆ ಕನಿಷ್ಠ ಎರಡು, ಗರಿಷ್ಠ ಐದು ವರ್ಷ, ದಂಡವೂ ಹೆಚ್ಚು. ಮನೆಯವರೇ ಮುಖ್ಯ ಅಪರಾಧಿಗಳೆಂದು ಕಾನೂನು ತಿಳಿಯಿತು. ಇಟ್ಟುಕೊಂಡವನ ಹೆಸರು ಮಾತ್ರ ಆ ಕಾಯ್ದೆಯಲ್ಲಿ ಎಲ್ಲೂ ಬರಲಿಲ್ಲ. ಜನಗಣತಿಯಂತೆ ಯಾರೋ ಬಾಗಿಲಿಗೆ ಬಂದು ‘ನೀವು ದೇವದಾಸಿಯೆ?’ ಎಂದು ಕೇಳಿದರೆ, ತಾಯಿಯನ್ನು ಜೈಲಿಗೆ ಕಳಿಸುವ ಉತ್ತರವನ್ನು ಯಾವ ಮಗಳು ಕೊಟ್ಟಾಳು? ‘ಇಲ್ಲ ಯಪ್ಪಾ’ ಅಂದಳು, ಬಾಗಿಲು ಹಾಕಿಕೊಂಡಳು. ಮೂವತ್ತು ವರ್ಷದ ಮೇಲೆ ಆ ‘ಇಲ್ಲ’ಕ್ಕೆ ತಿಂಗಳಿಗೆ ಎರಡು ಸಾವಿರದಂತೆ ದಂಡ ತೆರುತ್ತಿದ್ದಾಳೆ.

2025ರಲ್ಲಿ ಸರಕಾರ ಮರುಸಮೀಕ್ಷೆಗೆ ಕೈಹಾಕಿತು. ಒಳ್ಳೆಯದು. ನನಗಿರುವ ತಕರಾರು ಒಂದೇ. ಪಟ್ಟಿಯಲ್ಲಿದ್ದವಳು ಸತ್ತರೆ ಹೆಸರಿಗೆ ಅಡ್ಡಗೆರೆ ಬೀಳುತ್ತದೆ, ಪಗಾರ ನಿಲ್ಲುತ್ತದೆ, ಅಷ್ಟರಮಟ್ಟಿಗೆ ಸಂಖ್ಯೆ ಇಳಿಯುತ್ತದೆ. ಸಭೆಯಲ್ಲಿ ಆ ಸಂಖ್ಯೆ ಓದುವಾಗ ‘ದೇವದಾಸಿಯರು ಕಡಿಮೆಯಾದರು’ ಎಂದು ಚಪ್ಪಾಳೆ ಬೀಳುತ್ತದೆ. ಹೊಸದಾಗಿ ಮುತ್ತು ಕಟ್ಟುವುದು ನಿಂತದ್ದರಿಂದ ಇಳಿದದ್ದೆಷ್ಟು, ಮುದುಕಿಯರು ಮಣ್ಣು ಸೇರಿದ್ದರಿಂದ ಇಳಿದದ್ದೆಷ್ಟು ಎಂದು ಬೇರೆ ಬೇರೆ ಅಂಕಣಗಳಲ್ಲಿ ಬರೆದುಕೊಡಿ. ಸಾವನ್ನು ಸುಧಾರಣೆಯ ಖಾತೆಗೆ ಜಮಾ ಮಾಡಬಾರದು.

ನಿಜವಾದ ಸುಧಾರಣೆ ಆಗಲೇ ಇಲ್ಲ ಎನ್ನುತ್ತಿಲ್ಲ. ಅಥಣಿಯಲ್ಲಿ ವಕೀಲ ಬಿ.ಎಲ್. ಪಾಟೀಲರು 1980ರ ದಶಕದಲ್ಲಿ ವಿಮೋಚನಾ ಸಂಘ ಕಟ್ಟಿದರು. ಮಲಾಬಾದದಲ್ಲಿ ದೇವದಾಸಿಯರ ಮಕ್ಕಳಿಗಾಗಿ ವಸತಿ ಶಾಲೆ ಬಂತು. ಶಾಲೆಗೆ ಹೆಸರು ಹಚ್ಚುವಾಗ ‘ತಂದೆ ಯಾರು?’ ಎಂದು ಕೇಳಿ ಮಗುವಿನ ತಲೆ ತಗ್ಗಿಸುತ್ತಿದ್ದ ಕಾಲದಲ್ಲಿ, ಆ ಪ್ರಶ್ನೆಗೆ ಅಂಜದೆ ಕೂತು ಓದಲು ಒಂದು ಜಾಗ ಸಿಕ್ಕಿತು. 1997ರಲ್ಲಿ ಘಟಪ್ರಭಾದಲ್ಲಿ ಮಾಜಿ ದೇವದಾಸಿಯರೇ ಸೇರಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಕಟ್ಟಿಕೊಂಡರು, ಮೈರಾಡ ಸಂಸ್ಥೆ ಕೈಹಿಡಿದಿತ್ತು. ಮುಂದೆ ಸೀತವ್ವನವರು ಅದರ ಚುಕ್ಕಾಣಿ ಹಿಡಿದರು. ಎಲ್ಲಿ ಮುತ್ತು ಕಟ್ಟುವ ಸುದ್ದಿ ಬಂದರೂ ಅಲ್ಲಿಗೆ ಹೋಗಿ ಎದುರು ನಿಂತವರು ಇವರೇ, ಒಂದು ಕಾಲಕ್ಕೆ ತಾವೇ ಮುತ್ತು ಕಟ್ಟಿಸಿಕೊಂಡವರು. ಪೊಲೀಸರು ಎಷ್ಟು ತಡೆದರೋ ಗೊತ್ತಿಲ್ಲ. ಜಾತ್ರೆಯಲ್ಲಿ ನಡೆಯುತ್ತಿದ್ದದ್ದು ಮನೆಯೊಳಗೆ ಸರಿದದ್ದಂತೂ ಹೌದು. ಮನೆಯೊಳಗಿನದ್ದನ್ನು ಕಂಡುಹಿಡಿಯುವುದು ಕೇರಿಯ ಹೆಣ್ಣುಮಕ್ಕಳಿಂದ ಮಾತ್ರ ಆಗುತ್ತಿತ್ತು.

ನಡುವೆ ಬಂದ ರೋಗದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ತೊಂಬತ್ತರ ದಶಕದಲ್ಲಿ ಎಚ್‌ಐವಿ ಈ ಗಡಿಸೀಮೆಗೆ ಬಂದಾಗ, ಮುಂಬೈ, ಪುಣೆ, ಸಾಂಗಲಿಯಿಂದ ಹೆಣ್ಣುಮಕ್ಕಳು ಕೃಶರಾಗಿ ತಿರುಗಿ ಬಂದರು. ಸರಕಾರ ಉಚಿತವಾಗಿ ಎಆರ್‌ಟಿ ಗುಳಿಗೆ ಕೊಡಲು ಶುರುಮಾಡಿದ್ದು 2004ರಲ್ಲಿ. ಅಷ್ಟರೊಳಗೆ ಒಂದು ತಲೆಮಾರು ಕರಗಿತ್ತು. ಊರಲ್ಲೇ ಉಳಿದ ಆಯಿಗಳು ಮಗಳನ್ನು ಮಣ್ಣು ಮಾಡಿ, ಮೊಮ್ಮಕ್ಕಳನ್ನು ಸೊಂಟಕ್ಕೆ ಎತ್ತಿಕೊಂಡರು. ತಾಯ್ತಂದೆಯನ್ನು ಸಾಕಿದ ಕೈ ಅರವತ್ತರಲ್ಲಿ ಮತ್ತೆ ಕೂಸು ಸಾಕಿತು. ಇವತ್ತು ಕಾಲೇಜಿಗೆ ಹೋಗುವ ಮೊಮ್ಮಕ್ಕಳಿದ್ದಾರೆ ಎಂದೆನಲ್ಲ, ಅವರಲ್ಲಿ ಹಲವರು ಹೀಗೆ ಬೆಳೆದವರು.

ಇನ್ನು ಹಾಡಿನ ಮಾತು. ಚೌಡಿಕೆ ನೋಡಿದ್ದೀರಿ: ಕೊರೆದ ಕಟ್ಟಿಗೆಯ ಕೊಳಗಕ್ಕೆ ತೊಗಲು, ಅದರೊಳಗಿಂದ ಎಳೆದ ಒಂದೇ ತಂತಿ. ಎಡಗಂಕುಳಲ್ಲಿ ಒತ್ತಿ ಹಿಡಿದು ಮೀಟಿದರೆ ಅದು ಗೊಣಗುತ್ತದೆ, ಅಳುತ್ತದೆ, ಕೆಲವು ಸಲ ಜಗಳವನ್ನೂ ಆಡುತ್ತದೆ. ಯಲ್ಲಮ್ಮನೇ ಆದ ರೇಣುಕೆಯ ತಲೆ ಕಡಿದದ್ದು, ಪರಶುರಾಮ ತಾಯಿಯನ್ನು ಬದುಕಿಸಿಕೊಂಡದ್ದು, ಎಲ್ಲ ಅದರ ಜೊತೆಗೆ ರಾತ್ರಿಯಿಡೀ ಸಾಗುತ್ತಿತ್ತು. ಪದ್ಧತಿ ಹೋಗಲಿ, ಹಾಡು ಉಳಿಯಲಿ ಎಂದು ನಾವು ವಿದ್ವಾಂಸರು ಸಲೀಸಾಗಿ ಹೇಳುತ್ತೇವೆ. ಆಯಿಯ ಮಗಳು ಹಾಡು ಕಲಿಯಲಿಲ್ಲ. ಕಲಿತರೆ ಜನ ಅವಳನ್ನೂ ಅದೇ ಕಣ್ಣಿನಿಂದ ನೋಡುತ್ತಾರೆಂಬ ಅಂಜಿಕೆ. ಅದು ನ್ಯಾಯವಾದ ಅಂಜಿಕೆ. ಹಾಡು ಸಾಯುತ್ತದೆ ಎಂದು ಮರುಗುವವರು ಆ ಮಗಳಿಗೆ ಕಲಿ ಎಂದು ಹೇಳುವ ಮುನ್ನ, ತಮ್ಮ ಮಗಳಿಗೆ ಕಲಿಸಲು ತಯಾರಿದ್ದಾರೋ ನೋಡಿಕೊಳ್ಳಲಿ. ಮುದುಕಿಯರು ಇರುವಾಗಲೇ ಅವರ ಒಪ್ಪಿಗೆ ಪಡೆದು, ಕೂಲಿ ಕೊಟ್ಟು, ಧ್ವನಿ ಮುದ್ರಿಸಿಕೊಳ್ಳುವುದು ಸಾಧ್ಯವಿರುವ ಕೆಲಸ. ಕೂಲಿ ಎಂಬುದನ್ನು ಬೇಕೆಂದೇ ಹೇಳಿದೆ.

ನಮ್ಮ ಪಕ್ಕದ ಮರಾಠಿಯಲ್ಲಿ ಈ ಬಾಳಿನ ಬಗ್ಗೆ ರಾಜನ್ ಗವಸ ಅವರು ‘ಚೌಂಡಕ’, ‘ಭಂಡಾರಭೋಗ’ ಎಂಬ ಕಾದಂಬರಿಗಳನ್ನು ಬರೆದರು. 2009ರಲ್ಲಿ ‘ಜೋಗವಾ’ ಚಿತ್ರ ಬಂತು, ರಾಷ್ಟ್ರಪ್ರಶಸ್ತಿಗಳನ್ನು ಗೆದ್ದಿತು. ಒಳ್ಳೆಯ ಚಿತ್ರ. ಆದರೂ ಅದು ಹರೆಯದವರ ಕತೆ: ಸಿಕ್ಕಿಬಿದ್ದವರು ಕಟ್ಟು ಹರಿದುಕೊಂಡು ಹೊರಡುವ ಕತೆ. ಹರಿದುಕೊಳ್ಳದೆ ಅಲ್ಲೇ ಉಳಿದು, ಎಪ್ಪತ್ತೈದು ದಾಟಿ, ಮೊಣಕಾಲು ಹಿಡಿದುಕೊಂಡು ಬಸ್ಸು ಹತ್ತಿ ಬ್ಯಾಂಕಿಗೆ ಹೋಗಿ ಹೆಬ್ಬೆಟ್ಟು ಒತ್ತಿದರೆ, ಸವೆದ ಬೆರಳನ್ನು ಯಂತ್ರ ಒಪ್ಪದೆ ತಿರುಗಿ ಬರುವವಳ ಕತೆಗೆ ನಾಯಕನಿಲ್ಲ, ಹಾಡಿಲ್ಲ. ಕನ್ನಡದಲ್ಲಾದರೂ ಯಾರಾದರೂ ಬರೆಯಲಿ ಎಂದು ಇಲ್ಲಿರುವ ಎಳೆಯ ಬರಹಗಾರರನ್ನು ಕೇಳುತ್ತೇನೆ. ಹೊರಗಿನಿಂದ ಬಂದವರಿಗಿಂತ ಆ ಕೇರಿಯ ಮೊಮ್ಮಗಳು ಬರೆದರೆ ಇನ್ನೂ ಚೆನ್ನ.

ಸಾವು. ಬೇಸಿಗೆಯ ಒಂದು ಬೆಳಗ್ಗೆ ಆಯಿ ಏಳಲಿಲ್ಲ ಎಂದುಕೊಳ್ಳಿ. ಹಸಿರು ಸೀರೆ ಉಡಿಸಿದರು, ಕೈತುಂಬ ಬಳೆ ತೊಡಿಸಿದರು, ಅರಿಶಿನ ಕುಂಕುಮ ಹಚ್ಚಿ ಉಡಿ ತುಂಬಿದರು, ಮುತ್ತೈದೆಯ ಹೆಣಕ್ಕೆ ಮಾಡುವುದನ್ನೆಲ್ಲ ಮಾಡಿದರು. ಜೊತೆಯ ಜೋಗತಿಯರು ನಾಲ್ಕೇ ಜನ ಉಳಿದಿದ್ದರು, ಅವರೇ ಹಾಡಿದರು. ‘ಪುಣ್ಯವಂತೆ, ಮುತ್ತೈದೆ ಸಾವು’ ಎಂದು ಓಣಿಯ ಹೆಂಗಸರು ಅಂದರು. ವ್ಯಂಗ್ಯಕ್ಕೆ ಅಂದದ್ದಲ್ಲ, ನಿಜವಾಗಿಯೂ ಹಾಗೆಂದೇ ತಿಳಿದು ಅಂದದ್ದು. ಮಣ್ಣು ಕೊಡಲು ಮೊಮ್ಮಗ ನಿಂತ, ಅವನ ಪಕ್ಕಕ್ಕೆ ಮೊಮ್ಮಗಳೂ ನಿಂತಳು. ಉಳ್ಳವನ ಮನೆಯಿಂದ ಯಾರೂ ಬರಲಿಲ್ಲ. ಅಥವಾ ಒಬ್ಬ ಬಂದು ದೂರ ಗಾಡಿಯ ಮೇಲೆ ಕೂತು ಹೋದ. ಎರಡೂ ಆಗುವುದುಂಟು.

ಆಮೇಲೆ ಶುರುವಾಗುವುದು ಕಾಗದದ ಕೆಲಸ. ಆಯಿಯ ಹೆಸರಿಗೆ ಒಂದು ಮನೆ ಇದೆ, ಅವಳ ತಂದೆಯಿಂದ ಬಂದ ಅರ್ಧ ಎಕರೆಯೂ ಇದೆ. ವಾರಸಾ ಹಚ್ಚಬೇಕಾದರೆ ವಂಶಾವಳಿ ಬೇಕು. ರೂಢಿಯ ವಂಶಾವಳಿಯಲ್ಲಿ ಮೇಲೆ ಒಬ್ಬ ಗಂಡಸು, ಅವನ ಪಕ್ಕ ಹೆಂಡತಿ, ಕೆಳಗೆ ಮಕ್ಕಳು. ಇಲ್ಲಿ ಮೇಲಿರುವವಳು ಇವಳು, ಪಕ್ಕದ ಜಾಗ ಖಾಲಿ. ಗಂಡನ ಹೆಸರು ಬರೆಯದೆ ಅರ್ಜಿ ತಗೊಳ್ಳುವುದಿಲ್ಲ ಎಂದು ಹೇಳುವ ನೌಕರ ಇವತ್ತಿಗೂ ಸಿಗುತ್ತಾನೆ. ಅವನಿಗೆ ತೋರಿಸಲು ಕಾನೂನು ಇದೆ. ದೇವಿಗೆ ಬಿಟ್ಟವಳು ಮದುವೆಯಾದರೆ ಆ ಮದುವೆಯ ಮಕ್ಕಳು ನ್ಯಾಯಸಮ್ಮತ ಎಂದು 1934ರಲ್ಲೇ ಬರೆದದ್ದನ್ನು 1982ರಲ್ಲಿ ಮತ್ತೆ ಬರೆದರು. 2025ರ ಆಗಸ್ಟಿನಲ್ಲಿ ವಿಧಾನಮಂಡಲ ಒಪ್ಪಿದ ಹೊಸ ದೇವದಾಸಿ ವಿಧೇಯಕ ಇನ್ನೂ ಮುಂದೆ ಹೋಗಿದೆ: ತಂದೆಯ ಹೆಸರು ಬರೆಯಲೇಬೇಕೆಂಬ ಒತ್ತಾಯ ಇಲ್ಲ, ಬೇಕಾದವರು ತಂದೆಯನ್ನು ಗುರುತಿಸಿಕೊಳ್ಳಲು ಕೇಳುವ ಹಕ್ಕೂ ಇದೆ. ಈ ಎರಡನೆಯದನ್ನು ಎಷ್ಟು ಮೊಮ್ಮಕ್ಕಳು ಬಳಸುತ್ತಾರೋ, ಬಳಸಿದರೆ ಎಷ್ಟು ದೊಡ್ಡ ಮನೆಗಳ ಕಟ್ಟೆ ಅಲುಗುತ್ತದೋ ನೋಡಬೇಕು. ಮೊದಲನೆಯದಕ್ಕಂತೂ ಅಂಥ ಅಂಜಿಕೆ ಬೇಕಿಲ್ಲ. ಈ ಸಭೆಯಲ್ಲಿ ಗ್ರಾಮ ಪಂಚಾಯಿತಿಯವರಿದ್ದಾರೆ, ವಕೀಲರು ಇಬ್ಬರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಅಂಥ ಅರ್ಜಿ ಹಿಡಿದು ಒಬ್ಬ ಮೊಮ್ಮಗಳು ನಿಮ್ಮಲ್ಲಿಗೆ ಬಂದರೆ ಖಾಲಿ ಜಾಗವನ್ನು ಖಾಲಿ ಬಿಟ್ಟೇ ತೆಗೆದುಕೊಳ್ಳಿ, ಸ್ವೀಕೃತಿಯ ಮೇಲೆ ತಾರೀಖು ಹಾಕಿ ಸಹಿ ಮಾಡಿ ಕೊಡಿ.